ದೇವರ ಗೂಡಿನಲ್ಲಿದ್ದ ಸೋಮವಾರದ ಗುಳಿಗೆ

ಶರಣ ಬಂಧುಗಳೇ, ನಾನು ಸಿರುಗುಪ್ಪದಲ್ಲಿ ಜಂಪರು ಹೊಲಿಯುವವಳು. ಕಡ್ಡಿಯನ್ನು ಗುಡ್ಡ ಮಾಡುತ್ತೇನೆಂದು ಮನೆಯಲ್ಲಿ ಹೆಸರಿದೆ. ಇದರಲ್ಲಿ ಮಾತ್ರ ಒಂದು ಕಡ್ಡಿಯನ್ನೂ ಸೇರಿಸಿಲ್ಲ.

ಕಳೆದ ಶ್ರಾವಣದಲ್ಲಿ ಕೆಳದವಡೆಯ ಹಲ್ಲೊಂದನ್ನು ಕೀಳಿಸಿದೆ. ಗಾಯ ದೀಪಾವಳಿ ಬಂದರೂ ಮಾಯಲಿಲ್ಲ. ಕೀವು, ವಾಸನೆ. ಕನ್ನಡಿ ಹಿಡಿದರೆ ಒಸಡಿನ ನಡುವೆ ಮೂಳೆಯೇ ಹಳದಿಯಾಗಿ ಕಾಣುತ್ತಿತ್ತು. ರೊಟ್ಟಿ ಬಿಟ್ಟು ಗಂಜಿಗೆ ಬಂದೆ. ಬಳ್ಳಾರಿಯ ಹಲ್ಲಿನ ಡಾಕ್ಟರಮ್ಮ, "ಮುಂದಿನ ಮಂಗಳವಾರ ಬರ್ರಿ, ಚೂರು ತೆಗೆದು ಕ್ಯಾನ್ಸರ್ ಪರೀಕ್ಷೆಗೆ ಕಳಸೋಣ" ಎಂದರು. ಏನೇನು ಮಾತ್ರೆ ನುಂಗುತ್ತೀರಿ ಎಂದಾಗ, ಅಡುಗೆಮನೆಯ ಡಬ್ಬಿಯಲ್ಲಿದ್ದ ಬಿ.ಪಿ., ಸಕ್ಕರೆ ಮಾತ್ರೆಗಳನ್ನು ಸೊಸೆ ಶಾಂತಾ ಒಂದೂ ಬಿಡದೆ ತೋರಿಸಿದಳು.

ವಾಪಸು ಬರುವಾಗ ಬಸ್ಸು ಕುರುಗೋಡಿನಲ್ಲಿ ನಿಂತಿತು. ಕಿಟಕಿಯಿಂದಲೇ ಅಲ್ಲಿನ ಬಸವಣ್ಣನ ಗುಡಿಯ ಕಡೆ ಕೈಮುಗಿದು ಕಣ್ಣೀರಿಟ್ಟೆ. 'ದೊಡ್ಡ ಬಸವಣ್ಣ, ನನ್ನ ಬಾಯಿ ಮನೆಯವರಿಗೆ ಕಾಟ ಎಂಬುದು ನಿಜ. ಹಾಗಂತ ದವಡೆ ಕೊಯ್ಯಿಸಬೇಡಪ್ಪಾ.'

ಎರಡು ದಿನಕ್ಕೆ ಆಸ್ಪತ್ರೆಯಿಂದ ಫೋನ್ ಬಂತು. ಮಂಗಳವಾರ ಬೇಡ, ಸೋಮವಾರ ಬೆಳಿಗ್ಗೆಯೇ ಬನ್ನಿ ಎಂದರು. ನನ್ನ ಪೂಜೆಯ ದಿನವೇ ಬೇಕಿತ್ತೇ ಎಂದು ಗೊಣಗಿದೆ.

ಆರು ವರ್ಷದ ಹಿಂದೆ ಬಿದ್ದು ಮುಂಗೈ ಮುರಿದಾಗ, ಮೂಳೆ ಸವೆದಿದೆಯೆಂದು ವಾರಕ್ಕೊಂದು ಗುಳಿಗೆ ಬರೆದುಕೊಟ್ಟಿದ್ದರು. ಬರಿಹೊಟ್ಟೆಯಲ್ಲಿ ಲೋಟ ತುಂಬ ನೀರಿನೊಂದಿಗೆ ನುಂಗಿ, ಅರ್ಧ ಗಂಟೆ ಮಲಗದೆ ನೆಟ್ಟಗೆ ಕೂರಬೇಕು. ಸೋಮವಾರ ಹೇಗೂ ಬರಿಹೊಟ್ಟೆಯಲ್ಲಿ ಪೂಜೆಗೆ ಕೂರುತ್ತೇನಲ್ಲ ಎಂದು ಗುಳಿಗೆಯನ್ನು ದೇವರ ಗೂಡಿನಲ್ಲಿ ವಿಭೂತಿಯ ಪಕ್ಕ ಇಟ್ಟುಕೊಂಡೆ. ಬರಬರುತ್ತ ಅದು ಔಷಧಿ ಎಂಬುದೇ ಮರೆತು ವ್ರತದಲ್ಲಿ ಸೇರಿಹೋಗಿತ್ತು.

ಆ ಸೋಮವಾರ ಗುಳಿಗೆಯನ್ನು ಸೆರಗಿಗೆ ಕಟ್ಟಿಕೊಂಡು ಶಾಂತಾಳೊಂದಿಗೆ ಮೊದಲ ಬಸ್ಸು ಹತ್ತಿದೆ. ಆಸ್ಪತ್ರೆಯಲ್ಲಿ ನೀರು ಕೇಳಿ ನುಂಗುವಷ್ಟರಲ್ಲಿ ಒಳಗೆ ಕರೆದರು. ಡಾಕ್ಟರಮ್ಮ ಕುರ್ಚಿಯನ್ನು ಹಿಂದಕ್ಕೆ ವಾಲಿಸತೊಡಗಿದರು.

"ಮಲಗಸಬ್ಯಾಡ್ರೀ ಮೇಡಂ. ಈಗ ಗುಳಿಗಿ ನುಂಗೀನಿ, ಅರ್ಧ ತಾಸು ನೆಟ್ಟಗ ಕುಂದ್ರಬೇಕು."

"ಯಾವ ಗುಳಿಗಿ? ಮೊನ್ನೆ ತೋರಿಸಿದ್ರಾಗ ಅಂಥಾದ್ದು ಇರಲಿಲ್ಲಲ್ಲ?"

"ಅದು ಸೋಮವಾರದ್ದರಿ. ದೇವರ ಗೂಡಿನ್ಯಾಗ ಇರತೈತಿ."

ಶಾಂತಾ ಹಣೆ ಬಡಿದುಕೊಂಡಳು. "ಅತ್ತಿ, ಅದು ಮೂಳಿ ಸವೆತಕ್ಕ ಕೊಟ್ಟಿದ್ದಲ್ಲೇನ್ರಿ."

ಸೆರಗಿನ ಗಂಟು ಬಿಚ್ಚಿ, ಗುಳಿಗೆಯ ಹೆಸರಿದ್ದ ಖಾಲಿ ಪಟ್ಟಿ ಕೊಟ್ಟೆ. ಡಾಕ್ಟರಮ್ಮ ಓದಿ ನನ್ನ ಮುಖ ನೋಡಿದರು. "ಅಮ್ಮಾ, ಈ ಗುಳಿಗಿ ಬಹಳ ವರ್ಷ ತಗೊಂಡೋರಿಗೆ ಅಪರೂಪಕ್ಕ ಹಿಂಗಾಗತೈತಿ. ಹಲ್ಲು ಕಿತ್ತ ಮ್ಯಾಲ ದವಡಿ ಮೂಳಿ ಮಾಯೂದಿಲ್ಲ. ಇದು ಕ್ಯಾನ್ಸರ್ ಅಂತ ನನಗ ಅನಸೂದಿಲ್ಲ. ಈಗ ಚೂರು ತೆಗೆದ್ರ ಗಾಯ ಇನ್ನೂ ಹೆಚ್ಚಾಗಬಹುದು, ಬ್ಯಾಡ."

ಮೂಳೆ ಡಾಕ್ಟರರಿಗೂ ಫೋನ್ ಮಾಡಿ ಮಾತಾಡಿ ಗುಳಿಗೆ ನಿಲ್ಲಿಸಿದರು. ಬಾಯಿ ಮುಕ್ಕಳಿಸುವ ಔಷಧಿ, ಕೀವಿಗೆ ಮಾತ್ರೆ. ಕೆಲವು ತಿಂಗಳ ಮೇಲೆ ಸತ್ತ ಮೂಳೆಯ ಚೂರು ಸಡಿಲವಾಯಿತು, ತೆಗೆದು ಪರೀಕ್ಷಿಸಿದರು. ಕ್ಯಾನ್ಸರ್ ಇರಲಿಲ್ಲ. ಗಾಯ ಮುಚ್ಚಿಕೊಂಡಿತು.

ಅಕ್ಕಂದಿರೇ, ಡಾಕ್ಟರನ್ನು ಕೇಳದೆ ಯಾರೂ ಗುಳಿಗೆ ಬಿಡಬೇಡಿ. ಆದರೆ ಹಲ್ಲಿನ ಡಾಕ್ಟರಿಗೆ ದೇವರ ಗೂಡಿನಲ್ಲಿರುವುದನ್ನೂ ಹೇಳಿ. ಎಲ್ಲ ಕಾಕತಾಳೀಯ ಎನ್ನುವವರು ಎನ್ನಲಿ. ಮಂಗಳವಾರವೇ ಹೋಗಿದ್ದರೆ ನಾನು ಸುಮ್ಮನೆ ಆ ಕುರ್ಚಿಯಲ್ಲಿ ಮಲಗಿಬಿಡುತ್ತಿದ್ದೆ, ಗುಳಿಗೆಯ ಮಾತೇ ಬರುತ್ತಿರಲಿಲ್ಲ.

ಮೊನ್ನೆ ಕುರುಗೋಡಿಗೆ ಹೋಗಿ, ಬಸವಣ್ಣನ ಮುಂದೆ ಪ್ರಸಾದದ ಕೊಬ್ಬರಿಯನ್ನು ಅದೇ ದವಡೆಯಲ್ಲಿ ಅಗಿದೆ. ಕಣ್ಣೀರು ತಡೆಯಲಾಗಲಿಲ್ಲ. ಗುಳಿಗೆ ನಿಂತಿದೆ. ಸೋಮವಾರದ ಅರ್ಧ ಗಂಟೆ ಮಾತ್ರ ನಿಂತಿಲ್ಲ. ಇಷ್ಟು ವರ್ಷ ಗುಳಿಗೆಗಾಗಿ ಕೂತೆನೋ ಅವನಿಗಾಗಿ ಕೂತೆನೋ ನನಗೇ ತಿಳಿದಿರಲಿಲ್ಲ, ಈಗ ತಿಳಿದಿದೆ.