ಸುಟ್ಟ ಮೋಟಾರಿನ ಹುಳ

ಮೋಟಾರ್ ವೈಂಡಿಂಗ್ ಮಾಡುವವನ ಹತ್ತಿರ ಯಾರಾದರೂ ಸುಟ್ಟ ತಂತಿ ಕೇಳಿದರೆ ಅದು ಗುಜರಿಗೇ ಎಂದು ನಾನು ತಿಳಿದಿದ್ದೆ. ಎಂಬತ್ತರ ದಶಕದ ಕೊನೆಗೆ ಒಮ್ಮೆ ಜವಳಗೇರಾದ ಕಾಲುವೆ ದಂಡೆಯಲ್ಲಿ ಪಂಪ್‌ಸೆಟ್ ಬಿಚ್ಚಿಕೊಂಡು ಕುಳಿತಿದ್ದಾಗ, ಹಣೆ ತುಂಬ ವಿಭೂತಿ ಹಚ್ಚಿದ ಹಿರಿಯರೊಬ್ಬರು ಬಂದು ಗೇಣುದ್ದ ತಂತಿ ಕೇಳಿದರು.

ಅಲ್ಲೇ ಕುಳಿತು, ತಾವು ತಂದಿದ್ದ ಮೀನಿನ ಗಾಳಕ್ಕೆ ಆ ತಾಮ್ರದ ತಂತಿ ಸುತ್ತಿದರು. ಮೇಲೆ ಕಂಬಳಿಯ ಕರಿ ಉಣ್ಣೆ ಹೊಸೆದು, ಕೋಳಿಪುಕ್ಕದ ಎಳೆಗಳನ್ನು ಕಾಲಿನಂತೆ ಕಟ್ಟಿದರು. ಥೇಟ್ ನೀರೊಳಗಿನ ಮರಿಹುಳ.

"ಎರೆಹುಳ ಚುಚ್ಚಿದ್ರ ಮುಗೀತಲ್ರೀ ಅಜ್ಜಾರ?" ಎಂದೆ.

"ಅದರ ಜೀವ ಹೋಗ್ತೈತಲ್ಲೋ ತಮ್ಮಾ. ಇದು ನಮ್ಮಪ್ಪ ಕಟ್ಟತಿದ್ದ ಹುಳ."

ಗಾಳ ಮುಳುಗಿಸಿ ಮೆಲ್ಲಗೆ ಎಳೆದರು. ಮೂರನೇ ಸಲಕ್ಕೆ ಅಂಗೈಗಿಂತ ದೊಡ್ಡ ಮೀನು ಬಿತ್ತು. ತಂತಿ ಕೊಟ್ಟವನಿಗೆ ಪಾಲು ಸಿಗದೇ ಇರುತ್ತದೆಯೇ ಎಂದು ನಾನು ಟವೆಲ್ ಹಾಸಿದೆ. ಅವರು ಗಾಳ ಬಿಡಿಸಿ, ಮೀನನ್ನು ಮತ್ತೆ ನೀರಿಗೇ ಬಿಟ್ಟುಬಿಟ್ಟರು.

"ಅಯ್ಯ, ಯಾಕ್ರೀ?"

"ನಾವು ತಿನ್ನಂಗಿಲ್ಲಪಾ."

"ಮತ್ತ ಹಿಡೀತೀರಿ ಯಾಕ?"

"ಹುಳ ಖರೇ ಕಾಣತೈತೋ ಇಲ್ಲೋ ಅಂತ, ಮೀನನ್ನ ಬಿಟ್ರ ಮತ್ಯಾರನ್ನ ಕೇಳ್ಲಿ?"

ನನಗೆ ತಲೆಬುಡ ತಿಳಿಯಲಿಲ್ಲ. ಹಸಿವು ಬೇರೆ. ಬುತ್ತಿ ಬಿಚ್ಚಿ, ರೊಟ್ಟಿಯ ಮೇಲಿದ್ದ ಬೇಯಿಸಿದ ತತ್ತಿ ಸುಲಿಯತೊಡಗಿದೆ. ಮೀನಿನ ಲೋಳೆ ಇನ್ನೂ ಅಂಗೈಯಲ್ಲೇ ಇದ್ದ ಹಿರಿಯರು ದಡಕ್ಕನೆ ಎದ್ದು, ಧೋತರ ಎತ್ತಿಕೊಂಡು, ನಾಲ್ಕು ಮಾರು ಆಚೆ ಹೋಗಿ ಕುಳಿತರು.

"ಬ್ಯಾಸರ ಮಾಡ್ಕೋಬ್ಯಾಡ ತಮ್ಮಾ," ಎಂದರು. "ಅದರ ವಾಸನಿ ನನಗ ಆಗಂಗಿಲ್ಲ."