ನಾಯಿಯ ಕೊರಳಿನ ಸಿಮ್

ತೌನೊ ಹೈಸ್ಕನೆನ್ ಮೂವತ್ತೊಂದು ವರ್ಷ ಅಂಚೆ ಹಂಚಿದವನು. ಉತ್ತರದ ಹಿಮನಾಡಿನ ಕೈನೂ ಸೀಮೆಯ ಆ ಕಾಡಿನ ಊರಿನಲ್ಲಿ ಯಾರ ಮನೆಯ ನಾಯಿ ಕಚ್ಚುತ್ತದೆ, ಯಾರ ಮನೆಯಲ್ಲಿ ಕಾಫಿ ಸಿಗುತ್ತದೆ ಎಂಬುದೆಲ್ಲ ಅವನಿಗೆ ಬಾಯಿಪಾಠ. ನಿವೃತ್ತನಾದ ಮೇಲೆ ಸುಮ್ಮನೆ ಕೂರಲಾರದೆ ಹೊಸ ಕಸುಬು ಹಿಡಿದ. ಮೊಬೈಲ್ ಕಂಪನಿ ಬದಲಿಸುವವರ ಮನೆಗೆ ಹೋಗಿ ಹೊಸ ಕಂಪನಿಯ ಡೇಟಾ ವೇಗ ಅಳೆದು, ಅವರ ಫೋನು ಆ ನೆಟ್‌ವರ್ಕಿಗೆ ಹೊಂದುತ್ತದೆಯೇ ಎಂದು ನೋಡಿ ಹೇಳುವುದು. ಕಾಸು ಕೇಳುತ್ತಿರಲಿಲ್ಲ. "ತೌನೊ ಹೇಳಿದ ಮೇಲೆ ಮುಗೀತು" ಎಂದು ನಾಲ್ಕು ಜನ ಅಂದರೆ ಸಾಕಿತ್ತು. ಕಾಸಿನ ಆಸೆಯಾದರೂ ಎಷ್ಟೋ ವಾಸಿ.

ಅಳೆಯುತ್ತಿದ್ದುದು ಅಂಗಳದಲ್ಲಿ, ಅಂಚೆಪೆಟ್ಟಿಗೆಯ ಪಕ್ಕ ನಿಂತು. ಅದರಿಂದ ಮುಂದಕ್ಕೆ ಹೋಗಿ ಅವನಿಗೆ ಅಭ್ಯಾಸವಿರಲಿಲ್ಲ.

ಆಗಸ್ಟಿನಲ್ಲಿ ಹಿಲ್ಕಾ ಮೊಯ್ಲನೆನ್ ಕರೆದಳು. ಗಂಡ ತೀರಿಕೊಂಡ ಮೇಲೆ ಅವಳಿಗೆ ಉಳಿದ ಜೊತೆಯೆಂದರೆ ಉಸ್ವಾ ಎಂಬ ಬೂದು ಬೇಟೆನಾಯಿ.

"ಅಕ್ಕನ ಹತ್ರ ಫೋನಲ್ಲಿ ಮಾತಾಡ್ಬೇಕಂದ್ರೆ ಸಿಗ್ನಲ್ಲಿಗೆ ಕೊಟ್ಟಿಗೆ ಮೆಟ್ಲ ಮೇಲೆ ನಿಂತ್ಕೋಬೇಕು ಕಣಪ್ಪ. ಚಳಿಗಾಲ್ದಲ್ಲಿ ಮಾತು ಮುಗಿಯೋದ್ರೊಳಗೆ ಮೂಗು ಉದುರಿರುತ್ತೆ."

ತೌನೊ ಅಳೆದ. ಎಂಬತ್ತೆರಡು ಮೆಗಾಬಿಟ್. "ಬದಲಾಯ್ಸು. ನಿನ್ನ ಫೋನೂ ಹೊಂದುತ್ತೆ."

"ಉಸ್ವಾ ಬೆಲ್ಟು? ಅದ್ರೊಳಗೂ ಸಿಮ್ ಇದ್ಯಲ್ಲ?"

ಬೇಟೆಗೆ ಹೋದ ನಾಯಿ ಎಲ್ಲಿದೆ ಎಂಬುದನ್ನು ಅದರ ಕೊರಳ ಬೆಲ್ಟು ಫೋನಿಗೆ ಕಳಿಸುತ್ತದೆ. ನಕ್ಷೆಯಲ್ಲಿ ಕೆಂಪು ಚುಕ್ಕಿ ಓಡುತ್ತದೆ. ಉಸ್ವಾಳದು ಹಳೆಯ ಬೆಲ್ಟು. ಅದು ಹಿಡಿಯುವ ಹಳೇ ಬಗೆಯ ಸಿಗ್ನಲ್ಲು ಹೊಸ ಕಂಪನಿಗೆ ಕಾಡಿನೊಳಗೆಲ್ಲ ಇದೆಯೋ ಇಲ್ಲವೋ ತೌನೊಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಲು ಎಷ್ಟು ಹೊತ್ತು ಬೇಕು? ಅವನು ಅನ್ನಲಿಲ್ಲ.

"ಫೋನು ನಡೆದ್ರೆ ಬೆಲ್ಟೂ ನಡೆಯುತ್ತೆ. ನೋಡಿದೀನಿ."

ನೋಡಿರಲಿಲ್ಲ.

ಹಿಲ್ಕಾ ಎರಡೂ ಸಿಮ್ ಬದಲಿಸಿದಳು. ಅಕ್ಟೋಬರಿನಲ್ಲಿ ಮೂಸ್ ಎಂಬ, ಕುದುರೆಯಷ್ಟು ಎತ್ತರದ ಕಡವೆಯ ಬೇಟೆ ಶುರುವಾಯಿತು. ಮೊದಲ ದಿನವೇ, ಬೆಳಿಗ್ಗೆ ಒಂಬತ್ತಕ್ಕೆ, ಉಸ್ವಾ ಒಂದು ಗಂಡು ಮೂಸಿನ ಬೆನ್ನು ಹತ್ತಿತು. ಹತ್ತು ಗಂಟೆಯ ಹೊತ್ತಿಗೆ ಚುಕ್ಕಿ ಗುಡ್ಡದ ಬುಡದ ಜೌಗಿನಲ್ಲಿ ನಿಂತಿತು. ಮಧ್ಯಾಹ್ನವಾದರೂ ಕದಲಲಿಲ್ಲ.

"ಮೂಸ್ ಒದ್ದಿರ್ಬೇಕು. ಅಲ್ಲೇ ಎಲ್ಲೋ ಬಿದ್ದಿದೆ," ಎಂದ ಬೇಟೆ ತಂಡದ ಮುಖ್ಯಸ್ಥ ರೆಯೊ. ತೌನೊ, ಹಿಲ್ಕಾ ಸೇರಿ ಏಳು ಜನ ಮೊಣಕಾಲುದ್ದ ಕೆಸರಿನಲ್ಲಿ ಹುಡುಕಿದರು. ನಾಯಿಯಿಲ್ಲ.

ಬೆಂಕಿ ಹಾಕಿ ಕಾಫಿಗಿಟ್ಟರು. ತೌನೊ ಹಿಲ್ಕಾಳ ಫೋನು ಇಸಿದುಕೊಂಡು ನೋಡಿದ. ಚುಕ್ಕಿಯ ಕೆಳಗೆ ಸಣ್ಣ ಅಕ್ಷರ: ಕೊನೆಯ ಸಂದೇಶ 9:52. ಕುಡಿಯುತ್ತಿದ್ದ ಕಾಫಿ ಕೆಳಗಿಟ್ಟು ಮತ್ತೊಮ್ಮೆ ಓದಿದ. ನಿಂತದ್ದು ನಾಯಿಯಲ್ಲ, ಬೆಲ್ಟಿನ ಮಾತು. ಆಮೇಲೆ ಉಸ್ವಾ ಗುಡ್ಡ ದಾಟಿ ಎಲ್ಲಿಗೆ ಬೇಕಾದರೂ ಹೋಗಿರಬಹುದು.

"ಬೆಲ್ಟು ಕೆಟ್ಟಿಲ್ಲ ತಾನೆ?" ರೆಯೊ ಕೇಳಿದ.

"ಇಲ್ಲಪ್ಪ. ತೌನೊ ನೋಡಿದಾನೆ," ಎಂದಳು ಹಿಲ್ಕಾ.

ತೌನೊ ಸುತ್ತಿ ಬಳಸಿ ಒಂದು ಮಾತು ತೇಲಿಬಿಟ್ಟ. "ಗುಡ್ಡದಾಚೆ, ಕೆರೆ ಕಡೇನೂ ಒಂದ್ಸಲ ನೋಡೋಣ್ವಾ?"

"ಚುಕ್ಕಿ ಇಲ್ಲಿದೆ, ಕೆರೇಲೇನು? ಮೀನು ಹಿಡೀತೀಯಾ?" ರೆಯೊ ಅಂದ. ಎಲ್ಲರೂ ನಕ್ಕರು. ತೌನೊ ಕೂಡ ನಕ್ಕ!

ಮತ್ತೆ ಎರಡು ಗಂಟೆ, ಅಲ್ಲಿಲ್ಲವೆಂದು ತನಗೆ ಹೆಚ್ಚುಕಡಿಮೆ ಖಾತ್ರಿಯಿದ್ದ ನಾಯಿಯನ್ನು ಅವನು ಕೋಲಿನಿಂದ ಪೊದೆ ಪೊದೆ ಕೆದಕಿ ಹುಡುಕಿದ. ಪಕ್ಕದಲ್ಲೇ ಹಿಲ್ಕಾ "ಉಸ್ವಾ, ಉಸ್ವಾ" ಎಂದು ಕೂಗುತ್ತಿದ್ದಳು. ಬೆಳಕು ಮಾಸತೊಡಗಿದಾಗ ಅವಳ ಗಂಟಲು ಕಟ್ಟಿತು. ಕೂಗಲು ಬಾಯಿ ತೆರೆದರೆ ಬರೀ ಉಸಿರು ಬಂತು. ಆಗ ಅವನು ಬಾಯಿಬಿಟ್ಟ.

"ಬೆಲ್ಟು ನೋಡಿರ್ಲಿಲ್ಲ ಹಿಲ್ಕಾ. ಸುಳ್ಳು ಹೇಳಿದ್ದೆ."

ಯಾರೂ ಬೈಯಲಿಲ್ಲ. ಬೈಯಲು ಪುರುಸೊತ್ತಿರಲಿಲ್ಲ, ಎಲ್ಲರೂ ಗುಡ್ಡದ ಕಡೆ ಓಡಿದರು. ಉಸ್ವಾ ಕೆರೆಯ ದಡದಲ್ಲಿ ಒಂದು ಬಂಡೆಯ ಪಕ್ಕ ಸಿಕ್ಕಿತು. ಜೀವವಿತ್ತು. ಮೂಸ್ ಒದ್ದು ಸೊಂಟ ಮುರಿದಿತ್ತು. ಬೊಗಳಿ ಬೊಗಳಿ ಅದರ ದನಿಯೂ ಹೋಗಿತ್ತು.

ತೌನೊ ಜೊತೆ ಕಾರಿನಲ್ಲಿ ಪಶುವೈದ್ಯರ ಬಳಿಗೆ ಹೋಗುವಾಗ, ನಾಯಿಯ ತಲೆ ತೊಡೆಯ ಮೇಲಿಟ್ಟುಕೊಂಡು ಹಿಲ್ಕಾ ಒಂದೇ ಪ್ರಶ್ನೆ ಕೇಳಿದಳು.

"ನಿಂಗೆ ಯಾವಾಗ ಗೊತ್ತಾಯ್ತು?"

"ಕಾಫಿ ಕುಡಿಯೋವಾಗ."

ಅವಳು ಕಿಟಕಿಯ ಕಡೆ ಮುಖ ತಿರುಗಿಸಿದಳು.

ಉಸ್ವಾ ಉಳಿಯಿತು. ಬೇಟೆಗೆ ಇನ್ನಾಗುವುದಿಲ್ಲ. ಊರು ಮಾತ್ರ ಕಂಪನಿಯನ್ನೇ ಬೈಯಿತು. "ಕಳ್ಳರು ಕಣೋ, ನೀನೇನ್ಮಾಡ್ತೀಯ" ಎಂದು ಜನ ಅವನ ಬೆನ್ನು ತಟ್ಟಿದರು. ಒಳ್ಳೆಯವನೆನಿಸಿಕೊಂಡವನ ತಪ್ಪು ಹೊರಲು ಊರಿಗೆ ಯಾವಾಗಲೂ ಒಂದು ಕಂಪನಿ ಸಿಗುತ್ತದೆ. ಕಂಪನಿಯನ್ನು ಅವನು ಏನೂ ಕೇಳಿಯೇ ಇರಲಿಲ್ಲ.

ಅವನ ಮಾತು ನಂಬಿ ಇನ್ನೂ ನಾಲ್ಕು ಮನೆಯವರು ನಾಯಿಗಳ ಸಿಮ್ ಬದಲಿಸಿದ್ದರು. ಬೆಲ್ಟು ಎಲ್ಲೆಲ್ಲಿ ಮೂಕವಾಗುತ್ತದೆ ಎಂದು ಗುರುತು ಹಾಕಲು ನವೆಂಬರಿನ ಮೊದಲ ಹಿಮದಲ್ಲಿ ತೌನೊ ಉಸ್ವಾಳ ಬೆಲ್ಟನ್ನು ತನ್ನ ಕೊರಳಿಗೇ ಹಾಕಿಕೊಂಡು ಕಾಡಿಗೆ ಹೊರಟ. ಕಂಡವರು ನಕ್ಕು, "ಬೊಗಳೋ ತೌನೊ" ಎಂದರು. ನಕ್ಷೆ ನೋಡುತ್ತ ಹಿಲ್ಕಾ ಮನೆಯಲ್ಲಿ ಕೂತಿದ್ದಳು. ಅವಳ ಫೋನು ಬಂತು.

"ಎಲ್ಲಿದೀಯ?"

"ಕೆರೆ ಹತ್ರ. ಉಸ್ವಾ ಬಿದ್ದಿದ್ದ ಬಂಡೆ ಪಕ್ಕ."

"ಇಲ್ಲಿ ನೀನಿನ್ನೂ ಜೌಗಲ್ಲೇ ನಿಂತಿದೀಯ," ಎಂದಳು ಹಿಲ್ಕಾ. "ಬರ್ಕೋ."

ತೌನೊ ಕೈಗವಸನ್ನು ಹಲ್ಲಿನಿಂದ ಕಿತ್ತು, ಬರೆದುಕೊಂಡ.