ಚಕ್ಕುಬಂದಿಯ ಒಳಗೆ

ಅವರ ಬಲಗೈಯ ನಡುಬೆರಳಿನ ಪಕ್ಕದಲ್ಲಿ ಹುಣಸೆಬೀಜದಷ್ಟು ದಪ್ಪದ ಒಂದು ಗಂಟಿತ್ತು. ಪೆನ್ನು ಒತ್ತಿ ಒತ್ತಿ ಎದ್ದ ಗಂಟು. ನೀಲಿ ಮಸಿ ಅದರ ಗೆರೆಗಳೊಳಗೆ ಎಷ್ಟು ಇಳಿದಿತ್ತೆಂದರೆ, ಊಟಕ್ಕೆ ಮುಂಚೆ ಸಾಬೂನು ಹಚ್ಚಿ ತಿಕ್ಕಿದರೂ ಹೋಗುತ್ತಿರಲಿಲ್ಲ. ರೊಟ್ಟಿ ಮುರಿಯುವಾಗ ಆ ಬೆರಳನ್ನು ಸ್ವಲ್ಪ ಎತ್ತಿ ಹಿಡಿಯುತ್ತಿದ್ದರು.

ಹಿರೇಕೆರೂರಿನ ನೋಂದಣಿ ಕಚೇರಿಯ ಎದುರು, ಬೇವಿನ ಮರದ ಕೆಳಗೆ, ತಗಡಿನ ಅಂಗಡಿಗಳ ಒಂದು ಸಾಲಿತ್ತು. ಖರೀದಿ ಪತ್ರ, ಆಸ್ತಿ ಹಂಚಿಕೆಯ ವಾಟ್ನಿ ಪತ್ರ ಬರೆದುಕೊಡುವ ಬಾಂಡ್ ರೈಟರುಗಳು ಅಲ್ಲಿ ಕೂರುತ್ತಿದ್ದರು. ಈ ಮಸಿಬೆರಳಿನವರದು ಕೊನೆಯ ಅಂಗಡಿ. ಉಳಿದವರೆಲ್ಲ ನೇರ ಕಂಪ್ಯೂಟರಿನಲ್ಲೇ ಪತ್ರ ತಯಾರಿಸುತ್ತಿದ್ದರೆ ಇವರು ಮೊದಲು ಕೈಯಲ್ಲಿ ಬರೆದು, ಹಾಳೆಯನ್ನು ಪಕ್ಕದಲ್ಲಿ ಕೂತ ಸೊಸೆಯ ಮುಂದೆ ಸರಿಸುತ್ತಿದ್ದರು. ಸೊಸೆ ಟೈಪು ಮಾಡುತ್ತಿದ್ದಳು.

ನಾನು ಅಲ್ಲಿಗೆ ಹೋದದ್ದು ರಟ್ಟೀಹಳ್ಳಿಯ ಮನೆಯ ಸಲುವಾಗಿ. ಅಪ್ಪ, ಅವ್ವ ಇಬ್ಬರೂ ತೀರಿಕೊಂಡ ಮೇಲೆ ಅದನ್ನು ಅಣ್ಣ, ತಂಗಿ, ನಾನು ಹಂಚಿಕೊಳ್ಳುವುದಿತ್ತು. ಜಗಳವೇನಿರಲಿಲ್ಲ, ಕಾಗದಪತ್ರವಾಗಬೇಕಿತ್ತು ಅಷ್ಟೆ. ಆ ಹೊತ್ತಿಗೆ ನಾನು ಬರವಣಿಗೆ ಬಿಟ್ಟು ಎರಡು ವರ್ಷವಾಗಿತ್ತು. ಬಿಟ್ಟೆ ಎಂದರೆ ಸುಳ್ಳಾಗುತ್ತದೆ, ಅದೇ ನನ್ನನ್ನು ಬಿಟ್ಟಿತ್ತು. ಹಿರೇಕೆರೂರಿನದೇ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತ, ಒಂದು ಪತ್ರಿಕೆಯ ಭಾನುವಾರದ ಪುರವಣಿಗೆ ಹನ್ನೊಂದು ವರ್ಷ ವಾರಕ್ಕೊಂದು ಸಣ್ಣ ಕಥೆ ಕೊಟ್ಟವನು ನಾನು. ಗುರುವಾರ ಸಂಜೆ ಐದಕ್ಕೆ ಕಥೆ ಸಂಪಾದಕರಿಗೆ ತಲುಪಬೇಕು. ಹಾನಗಲ್ಲಿನ ಮದುವೆಮನೆಯಲ್ಲಿ ಊಟದ ಪಂಕ್ತಿಯಿಂದ ಎದ್ದುಹೋಗಿ ಬರೆದಿದ್ದೇನೆ. ಸವಣೂರಿನ ಬಸ್‌ಸ್ಟ್ಯಾಂಡಿನಲ್ಲಿ ನಿಂತುಕೊಂಡೇ ಬರೆದಿದ್ದೇನೆ. ಶಿಗ್ಗಾವಿಯಲ್ಲಿ ತಂಗಿಯ ಹೆರಿಗೆಯಾದಾಗ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದವನು, ಕೂಸನ್ನು ನೋಡಿದ್ದು ಎಲ್ಲರಿಗಿಂತ ಕೊನೆಗೆ. ಪುರವಣಿ ನಿಂತ ದಿನ ಹೆಂಡತಿಗೆ ಹೇಳಿದ್ದೆ, "ಇನ್ನ ಮ್ಯಾಲ ಆರಾಮ ಕುಂತು ಕಾದಂಬರಿ ಬರೀತೇನಿ ನೋಡು."

ಆರಾಮವಾಗಿ ಕೂತೆ. ಏನೂ ಬರಲಿಲ್ಲ. ಒಂದು ಸಾಲು ಬರೆದು, ಹೊಡೆದುಹಾಕಿ, ಚಹಾ ಕುಡಿದು, ಮತ್ತೆ ಅದೇ ಸಾಲು ಬರೆಯುತ್ತಿದ್ದೆ. ಬೆನ್ನಿಗೆ ಗುರುವಾರವಿಲ್ಲದೆ ನನಗೆ ಬರೆಯಲಿಕ್ಕೇ ಬರುವುದಿಲ್ಲವೇನೋ ಎಂದು ಹೆದರಿಕೆಯಾಯಿತು. ಕೇಳಿದವರಿಗೆಲ್ಲ ಕಾದಂಬರಿ ನಡೆದಿದೆ ಎಂದೇ ಹೇಳುತ್ತಿದ್ದೆ.

ಬಾಂಡ್ ರೈಟರು ನನ್ನ ಆಧಾರ್ ಕಾರ್ಡಿನ ಹೆಸರು ಓದಿ ತಲೆಯೆತ್ತಿದರು.

"ಪೇಪರಿನ್ಯಾಗ ಕತಿ ಬರೀತಿದ್ರಲ್ಲ, ಅವರೇನ್ರಿ ನೀವು?"

ಹೌದೆಂದೆ. ಸ್ವಲ್ಪ ಉಬ್ಬಿದ್ದೂ ಹೌದು.

"ಎಲ್ಲಾ ಓದೇನ್ರಿ ಮಾಸ್ತರ. ಛಲೋ ಇರ್ತಿದ್ವು. ಆದ್ರ ಕಡೀಕ ಬಂದ ಕೂಡ್ಲೆ ಓಡಾಕ ಹತ್ತತಿದ್ವು ನೋಡ್ರಿ, ಬಸ್ ತಪ್ಪತೈತಿ ಅನ್ನೋರಂಗ."

ನನಗೆ ಸಿಟ್ಟು ಬಂತು. ಹನ್ನೊಂದು ವರ್ಷದಲ್ಲಿ ಯಾವ ವಿಮರ್ಶಕನೂ ಹೇಳದ ಮಾತನ್ನು ಪತ್ರ ಬರೆಯುವವರೊಬ್ಬರು ಮೂಗಿನ ಮೇಲೆ ಕನ್ನಡಕ ಸರಿಪಡಿಸಿಕೊಳ್ಳುತ್ತ ಹೇಳಿದ್ದರು. ಮಾತು ನಿಜವಾಗಿತ್ತು, ಅದಕ್ಕೇ ಸಿಟ್ಟು. ಅಷ್ಟರಲ್ಲಿ ಕಚೇರಿಯ ಬಾಗಿಲಿನಿಂದ ಜವಾನ ಕೂಗಿದ, "ಸರ್ವರ್ ಹೋತ್ರೀ!"

ಸರ್ವರ್ ಹೋದರೆ ನೋಂದಣಿ ಇಲ್ಲ. ಚಿಕ್ಕೇರೂರಿನಿಂದ, ಮಾಸೂರಿನಿಂದ ಬೆಳಿಗ್ಗೆಯೇ ಬಂದು ಕೂತವರು ಹಣೆ ಹಣೆ ಬಡಿದುಕೊಂಡರು. ನಾನೂ ಗೊಣಗಿದೆ. ಇವರ ಮುಖ ಮಾತ್ರ ಅರಳಿತು. ಮೇಜಿನ ಕೆಳಗಿನಿಂದ ಬಟ್ಟೆಯಲ್ಲಿ ಸುತ್ತಿದ ಒಂದು ದಪ್ಪ ರಿಜಿಸ್ಟರ್ ತೆಗೆದು, ಗುರುತಿಗಿಟ್ಟ ಬೇವಿನ ಕಡ್ಡಿಯನ್ನು ಕಿವಿಗೆ ಸಿಕ್ಕಿಸಿಕೊಂಡು, ಬರೆಯತೊಡಗಿದರು. ನಾನೇನೋ ಕೇಳಲು ಹೋದರೆ ಸೊಸೆ ತಡೆದಳು.

"ಈಗ ಮಾತಾಡಸಬ್ಯಾಡ್ರಿ ಸರ್. ಸರ್ವರ್ ಬರೂತನಕ ಮಾವಾರು ಇಲ್ಲಿ ಇರೂದಿಲ್ಲ."

ಸರ್ವರ್ ಬರಲು ಒಂದೂವರೆ ತಾಸು ಹಿಡಿಯಿತು. ರಿಜಿಸ್ಟರ್ ಮುಚ್ಚಿದ ಮೇಲೆ ಏನು ಬರೆಯುತ್ತೀರಿ ಎಂದು ಕೇಳಿದೆ.

"ಪತ್ರದಾಗ ನಾ ಬರಿಯೂದು ಚಕ್ಕುಬಂದಿ. ಪೂರ್ವಕ್ಕ ಯಾರ ಹೊಲ, ಪಶ್ಚಿಮಕ್ಕ ಯಾರ ಹೊಲ, ದಕ್ಷಿಣಕ್ಕ ಏನು, ಉತ್ತರಕ್ಕ ಏನು. ಮೂವತ್ತೈದು ವರ್ಸ ಸುತ್ತಲಿಂದಷ್ಟ ಬರದೇನ್ರಿ. ಒಳಗ ಏನೈತಿ ಅಂತ ಯಾರೂ ಕೇಳೂದಿಲ್ಲ. ಅದನ್ನ ಇದರಾಗ ಬರೀತೇನಿ."

ಪತ್ರ ಬರೆದುಕೊಟ್ಟ ಹೊಲಗಳನ್ನು ಅವರು ರಜೆಯ ದಿನ ಹೋಗಿ ನೋಡಿ ಬರುತ್ತಿದ್ದರು. ಯಾವ ಬದುವಿನ ಮೇಲೆ ಏನು ಬೆಳೆದಿದೆ, ಆ ಹೊಲದಲ್ಲಿ ಯಾರು ಯಾರೊಡನೆ ಮಾತು ಬಿಟ್ಟರು, ಯಾರು ಎಲ್ಲಿ ಬುತ್ತಿ ಬಿಚ್ಚುತ್ತಿದ್ದರು, ಎಲ್ಲ ಅದರಲ್ಲಿತ್ತು. ಒಂದು ಹೊಲಕ್ಕೆ ಒಂದು ರಿಜಿಸ್ಟರ್. ಯಾವಾಗ ಮುಗಿಸುತ್ತೀರಿ ಎಂದು ನನ್ನ ಹಳೆಯ ಚಾಳಿಯಂತೆ ಕೇಳಿದೆ. ನನ್ನ ಪ್ರಶ್ನೆಯೇ ಅರ್ಥವಾಗದವರ ಹಾಗೆ ನೋಡಿದರು.

ಆಮೇಲೆ ನನ್ನ ಕಾಗದ ಎಳೆದುಕೊಂಡು ಮನೆಯ ಚಕ್ಕುಬಂದಿ ಕೇಳಿದರು. ಹೇಳಿದೆ. "ಒಳಗ?" ಎಂದರು. ಪಡಸಾಲೆ, ಅಡುಗೆಮನೆ, ಎರಡು ಖೋಲಿ, ಹಿತ್ತಲು ಎಂದೆ.

"ಅದು ಪತ್ರಕ್ಕಾತು. ನಾ ಕೇಳಿದ್ದು, ಒಳಗ ಏನೈತ್ರಿ?"

ಮತ್ತೆ ಪಡಸಾಲೆ, ಅಡುಗೆಮನೆ ಎಂದೇ ಶುರುಮಾಡಿ ನಿಲ್ಲಿಸಿದೆ. ಹುಟ್ಟಿ ಬೆಳೆದ ಮನೆ. ಬೇಜಾರಾಯಿತು.

ಶನಿವಾರ ನಮಗೆ ಬೆಳಗಿನ ಶಾಲೆ. ಶಾಲೆ ಬಿಟ್ಟ ಮೇಲೆ, ಕಚೇರಿ ತೆರೆದಿರುವ ಶನಿವಾರಗಳಲ್ಲಿ ನಾನು ಅವರ ಅಂಗಡಿಯ ಬೆಂಚಿಗೆ ಹೋಗಿ ಕೂರತೊಡಗಿದೆ. ವಾಟ್ನಿ ಪತ್ರ ಯಾವತ್ತೋ ಆಗಿಹೋಗಿತ್ತು, ಆದರೂ ಹೋಗುತ್ತಿದ್ದೆ. ಮೊದಲ ಸಲ ಆ ಮನೆಯ ಬಗ್ಗೆ ನಾಲ್ಕು ಪುಟ ಬರೆದು ತೋರಿಸಿದಾಗ ಅವರು ಓದಿ ಕೇಳಿದರು, "ಇದನ್ನ ಯಾವತ್ತ ಕೊಡೂದೈತ್ರಿ?"

"ಯಾರಿಗೂ ಕೊಡೂದಿಲ್ರಿ."

"ಮತ್ತ ಯಾಕ ಓಡಾಕತ್ತೀರಿ? ಹೊಸ್ತಲಾ ದಾಟಿದ್ರಿ, ಒಮ್ಮಿಗೇ ಹಿತ್ತಲಕ್ಕ ಬಂದ್ರಿ. ನಡುವ ಪಡಸಾಲಿ ಇಲ್ಲೇನು ನಿಮ್ಮನ್ಯಾಗ?"

ಪಡಸಾಲೆಗೆ ವಾಪಸ್ಸು ಹೋದೆ. ಅದರಲ್ಲೇ ಆರು ಶನಿವಾರ ಕಳೆದವು. ಜೋಳದ ಚೀಲ ಒರಗಿಸಿ ಒರಗಿಸಿ ಗೋಡೆಯ ಸುಣ್ಣ ಸವೆದ ಜಾಗ, ಅಪ್ಪ ಕನ್ನಡಕವಿಡುತ್ತಿದ್ದ ಗೂಡು, ಅವ್ವ ಬೀಸುವಾಗ ಕಾಲು ಚಾಚುತ್ತಿದ್ದ ದಿಕ್ಕು. ಇವು ನನ್ನೊಳಗೆ ಇಷ್ಟು ವರ್ಷ ಸುಮ್ಮನೆ ಕೂತಿದ್ದವು. ಗುರುವಾರದ ಗಡಿಬಿಡಿಯಲ್ಲಿ ನಾನು ಅವನ್ನು ದಾಟಿಕೊಂಡು ಓಡಿದ್ದೆ. ಒಂದು ಶನಿವಾರ ಅವ್ವನ ಬೀಸುವ ಕಲ್ಲಿನ ಸದ್ದನ್ನು ಹೇಗೆ ಬರೆಯುವುದೆಂದು ಒದ್ದಾಡುತ್ತಿದ್ದಾಗ ಜವಾನ "ಸರ್ವರ್ ಬಂತ್ರೀ!" ಎಂದು ಕೂಗಿದ. ನನ್ನ ಬಾಯಿಂದ "ಥೂ ಇದರ!" ಎಂದು ಬಂದುಬಿಟ್ಟಿತು. ರೈಟರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಆತು ಬಿಡ್ರಿ ಮಾಸ್ತರ. ನಿಮಗೂ ಹುಚ್ಚು ಹತ್ತೇತಿ."

ಅವತ್ತು ಮನೆಗೆ ನಡೆದುಹೋಗುವಾಗ ನನಗಾದ ಖುಷಿ ನನ್ನ ಮೊದಲ ಕಥೆ ಅಚ್ಚಾದಾಗಲೂ ಆಗಿರಲಿಲ್ಲ.

ಹಾಗೆಂದು ಅವರ ಹುಚ್ಚು ಯಾವತ್ತೂ ಫಜೀತಿ ತರಲಿಲ್ಲವೆಂದಲ್ಲ. ಒಂದು ಸಲ ರಿಜಿಸ್ಟರಿನಲ್ಲಿ ಮುಳುಗಿದ್ದಾಗ ಸರ್ವರ್ ತಟ್ಟನೆ ಬಂತು. ಅವಸರದಲ್ಲಿ ಮಾಸೂರಿನ ಹೆಣ್ಣುಮಗಳೊಬ್ಬಳ ಖರೀದಿ ಪತ್ರ ಬರೆದು ಸರಿಸಿದರು. ಸೊಸೆ ಕಣ್ಣುಮುಚ್ಚಿ ಟೈಪು ಮಾಡಿದಳು. ಒಳಗೆ ನೋಂದಣಿ ಸಾಹೇಬರು ಗಟ್ಟಿಯಾಗಿ ಓದಿದರು: "ಪಶ್ಚಿಮಕ್ಕೆ ಹಳ್ಳ ಹಾಗೂ ಮಧ್ಯಾಹ್ನ ಎತ್ತುಗಳು ಮಲಗುವ ಅತ್ತಿಮರ." ಓದಿ, ಇವರನ್ನು ಕರೆಸಿ ಕೇಳಿದರು, "ಎತ್ತು ಎದ್ದು ಹೋದ್ರ ಗಡಿ ಎಲ್ಲಿಗಿ ಹೋಗ್ತೈತ್ರಿ ರೈಟರ್ರ?"

ಕಚೇರಿಗೆ ಕಚೇರಿಯೇ ನಕ್ಕಿತು. ಮೂವತ್ತೈದು ವರ್ಷ ಒಂದು ಅಕ್ಷರ ತಪ್ಪದವರು ತಲೆ ತಗ್ಗಿಸಿ ನಿಂತರು. ಆ ಹೆಣ್ಣುಮಗಳು ಮಾತ್ರ ನಗಲಿಲ್ಲ. "ಅದನ್ಯಾಕ ತಗೀತೀರ್ರೀ? ಎತ್ತು ಅಲ್ಲೇ ಮಲಗ್ತಾವು. ಆ ಹೊಲಕ್ಕ ಕೂಲಿಗಿ ಹೋಗೂಮುಂದ ನಾನೂ ಅಲ್ಲೇ ಕುಂತು ಉಂಡೇನಿ," ಎಂದಳು. ತೆಗೆಯಲೇಬೇಕಿತ್ತು, ತೆಗೆದರು. ಆಮೇಲೆ ಹೊರಗೆ ಬಂದು ಬೇರೊಂದು ಬಿಳಿ ಹಾಳೆಯ ಮೇಲೆ ಆ ಒಂದೇ ಸಾಲನ್ನು ದುಂಡಗೆ ಬರೆದು ಅವಳಿಗೆ ಕೊಟ್ಟರು. ಅವಳು ಅದನ್ನು ಮಡಚಿ ಖರೀದಿ ಪತ್ರದ ಜೊತೆಗೇ ಇಟ್ಟುಕೊಂಡಳು.

ಹೋದ ವರ್ಷ ಶ್ರಾವಣದಲ್ಲಿ ಅವರು ಎರಡು ದಿನದ ಜ್ವರಕ್ಕೆ ತೀರಿಕೊಂಡರು. ಶಾಲೆಯಿಂದಲೇ ಓಡಿದೆ. ಅವರ ಮನೆಯ ಪಡಸಾಲೆಯಲ್ಲಿ ದೇಹವನ್ನು ಕೂರಿಸಿದ್ದರು. ಹಣೆತುಂಬ ವಿಭೂತಿ, ಕೊರಳಲ್ಲಿ ಹೂವು. ತೊಡೆಯ ಮೇಲಿಟ್ಟ ಕೈಯ ಆ ಬೆರಳಿನಲ್ಲಿ ನೀಲಿ ಹಾಗೇ ಇತ್ತು, ಸ್ನಾನ ಮಾಡಿಸಿದರೂ ಹೋಗಿರಲಿಲ್ಲ. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ, ಅಷ್ಟು ಜನರ ನಡುವೆಯೇ ಅತ್ತೆ. ಅಪ್ಪ ಹೋದಾಗಲೂ ಹಾಗೆ ಅತ್ತಿರಲಿಲ್ಲ.

"ಏಳು ರಿಜಿಸ್ಟರ್ ಅದಾವ್ರಿ ಸರ್," ಎಂದಳು ಸೊಸೆ. "ಒಂದೂ ಮುಗಸಿಲ್ಲ." ದೂರುತ್ತಿರಲಿಲ್ಲ ಅವಳು, ಇದ್ದದ್ದನ್ನು ಹೇಳುತ್ತಿದ್ದಳು. ಈಗ ಅವುಗಳನ್ನು ಅವಳೇ ಓದುತ್ತಿದ್ದಾಳೆ, ಸರ್ವರ್ ಹೋದಾಗ.

ಹೋದ ತಿಂಗಳು ಹಳೆಯ ಸಂಪಾದಕರ ಫೋನ್ ಬಂತು. ಪುರವಣಿ ಮತ್ತೆ ಶುರುವಾಗುತ್ತಿದೆಯಂತೆ. ನಾನು ಮನೆಯ ಬಗ್ಗೆ ಏನೋ ಬರೆಯುತ್ತಿರುವ ಸುದ್ದಿ ಅವರ ಕಿವಿಗೂ ಬಿದ್ದಿತ್ತು.

"ಎಲ್ಲಿ ತನಕ ಬಂದಿದೆ?"

"ಅಡುಗೆಮನೆಗೆ."

"ಗುರುವಾರ ಸಂಜೆಯೊಳಗೆ ಮುಗಿಸಿ ಕಳಿಸಿಬಿಡಿ. ಮೊದಲ ಸಂಚಿಕೆಗೇ ಹಾಕೋಣ."

ಗುರುವಾರ ಎಂದದ್ದೇ ತಡ, ಹನ್ನೊಂದು ವರ್ಷದ ರೂಢಿ, ನನ್ನ ಕೈ ತಾನಾಗಿ ಪೆನ್ನಿನ ಕಡೆ ಹೋಯಿತು. ಒಪ್ಪಿಕೊಳ್ಳುವ ಮಾತು ನಾಲಿಗೆಯ ತುದಿಗೇ ಬಂದಿತ್ತು. ಅಷ್ಟರಲ್ಲಿ ನನ್ನ ನಡುಬೆರಳು ಕಣ್ಣಿಗೆ ಬಿತ್ತು. ಅದರ ಪಕ್ಕದಲ್ಲಿ, ಇನ್ನೂ ಎಳ್ಳಿನಷ್ಟು, ಚರ್ಮ ಗಟ್ಟಿಯಾಗಿ ನೀಲಿಗಟ್ಟಿತ್ತು.

"ಸರ್ವರ್ ಹೋಗೇತ್ರಿ ಸರ್," ಎಂದೆ.

"ಏನಂದಿರಿ?"

"ಬಂದ ಮ್ಯಾಲ ತಿಳಸ್ತೇನ್ರಿ," ಎಂದು ಫೋನಿಟ್ಟು, ಅರ್ಧ ಬರೆದ ಹಾಳೆಯ ಮೇಲೆ ಅವ್ವ ಒಲೆ ಹೊತ್ತಿಸುವುದನ್ನು ನೋಡುತ್ತ ಕೂತೆ.